ಬರೀ ಗಾಳಿ, ಅಪ್ಪ

ಫಾರಂನ ಕೊನೆಯಲ್ಲಿ ಎರಡು ಗೆರೆಗಳಿದ್ದವು. ಒಂದರ ಕೆಳಗೆ ‘ರೋಗಿಯ ಸಹಿ’, ಇನ್ನೊಂದರ ಕೆಳಗೆ ‘ರೋಗಿಯ ಪರವಾಗಿ’. ನಾನು ಎರಡನೆಯದರ ಮೇಲೆ ಸಹಿ ಹಾಕಿ ಫಾರಂ ವಾಪಸ್ ಕೊಟ್ಟೆ. ಕೌಂಟರಿನಲ್ಲಿ ಯಾರೂ ಏನೂ ಕೇಳಲಿಲ್ಲ. ರೋಗಿ ಅಲ್ಲೇ, ಹತ್ತು ಹೆಜ್ಜೆ ದೂರದಲ್ಲಿ, ಕುರ್ಚಿ ಮೇಲೆ ಕೂತಿದ್ದ. ಎಚ್ಚರವಾಗಿಯೇ ಇದ್ದ. ಓದೋಕೆ ಬರುತ್ತೆ, ಬರೆಯೋಕೆ ಬರುತ್ತೆ, ಸುಮಾರು ನಲವತ್ತು ವರ್ಷ ಸ್ವಂತ ಅಂಗಡಿ ನಡೆಸಿದ ಮನುಷ್ಯ. ಆದರೂ ಅವನ ಕಾಲಿನ ವಿಷಯದಲ್ಲಿ ಸಹಿ ನನ್ನದು.

ಹೇಳಲೇಬೇಕಾದ ಇನ್ನೊಂದು ಮಾತು: ನನ್ನ ಕೆಲಸವೇ ಕನ್ಸೆಂಟ್ ಸ್ಕ್ರೀನ್ ಮಾಡಿಸೋದು. ನಮ್ಮ ಆ್ಯಪ್‌ನಲ್ಲಿ ‘ಒಪ್ಪುತ್ತೇನೆ’ ಅನ್ನೋ ಬಟನ್ ಎಲ್ಲಿರಬೇಕು, ಯಾವ ಬಣ್ಣದಲ್ಲಿರಬೇಕು ಅಂತ ಗಂಟೆಗಟ್ಟಲೆ ಮೀಟಿಂಗ್ ಮಾಡ್ತೀವಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ, ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟಿದ್ದಾಗಿರಬೇಕು ಅಂತ ನಾನೇ ಹೊಸಬರಿಗೆ ಪಾಠ ಮಾಡ್ತೀನಿ. ಯಾರದೋ ಫೋನ್ ನಂಬರಿಗೆ ಇಷ್ಟು ಮರ್ಯಾದೆ ಕೊಡೋ ನಾನು, ನನ್ನಪ್ಪನ ಮೈಗೆ ಎಷ್ಟು ಕೊಟ್ಟೆ? ಈ ಬರಹ ಅದರ ಬಗ್ಗೆ.

ಅಪ್ಪನಿಗೆ 68. ತಿಲಕ್ ನಗರ ಮೇನ್ ರೋಡಿನ ಹಿಂದಿನ ಒಂದು ಗಲ್ಲಿಯಲ್ಲಿ ಅವನ ವೆಲ್ಡಿಂಗ್ ಅಂಗಡಿ ಇತ್ತು. ಗೇಟು, ಗ್ರಿಲ್ಲು, ಕಿಟಕಿ ಸರಳು, ಗಾಡಿಯ ಚಾಸಿಸ್ಸು. ಜಯನಗರ ನಾಲ್ಕನೇ ಟಿ ಬ್ಲಾಕಿನ ಎಷ್ಟೋ ಮನೆಗಳ ಗೇಟಿಗೆ ಅವನ ಕೈ ತಾಗಿದೆ. ಸಕ್ಕರೆ ಕಾಯಿಲೆ ಹದಿನೆಂಟು ವರ್ಷದ್ದು. ಕಳೆದ ವರ್ಷ ಹೊಸ ಚಪ್ಪಲಿ ಕಚ್ಚಿತು. ಪಾದದಲ್ಲಿ ಸ್ಪರ್ಶವೇ ಕಮ್ಮಿಯಾಗಿದ್ದರಿಂದ ಅದು ಕಚ್ಚಿದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಹೆಬ್ಬೆರಳ ಬುಡದಲ್ಲಿ ಎಂಟಾಣೆಯಷ್ಟು ಗಾಯ. ಆಂಟಿಬಯೋಟಿಕ್ ಆಯಿತು, ಸತ್ತ ಮಾಂಸ ತೆಗೆದು ಕ್ಲೀನ್ ಮಾಡಿದ್ದಾಯಿತು, ಪಾದಕ್ಕೆ ಭಾರ ಬೀಳದ ಸ್ಪೆಷಲ್ ಚಪ್ಪಲಿ ಬಂತು. ಮೂರು ತಿಂಗಳಾದರೂ ಗಾಯ ಮುಚ್ಚಲಿಲ್ಲ. ಆಗ ಡಾಕ್ಟರು ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ ಟ್ರೈ ಮಾಡೋಣ ಅಂದರು. ದಿನಕ್ಕೆ ಒಂದೂವರೆ ಗಂಟೆ, ಒಟ್ಟು ಮೂವತ್ತು ಸಿಟ್ಟಿಂಗ್.

ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತ್ತು. ಹೆಸರು ‘ಅಪ್ಪನ ಕಾಲು’. ನಾನು, ಅಮ್ಮ, ಡಲ್ಲಾಸ್‌ನಲ್ಲಿರೋ ತಮ್ಮ, ಅವನ ಹೆಂಡತಿ, ಚಿಕ್ಕಪ್ಪ. ಗಾಯದ ಫೋಟೋ, ಶುಗರ್ ರೀಡಿಂಗ್, ಬಿಲ್ಲು, ಯಾವ ಡಾಕ್ಟರು, ಯಾವ ದಿನ, ಎಲ್ಲಾ ಅಲ್ಲೇ ತೀರ್ಮಾನ. ಅಪ್ಪನಿಗೂ ವಾಟ್ಸಾಪ್ ಇದೆ. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸ್ತಾನೆ. ಆದರೆ ‘ಅಪ್ಪನ ಕಾಲು’ ಗ್ರೂಪಿನಲ್ಲಿ ಅಪ್ಪ ಇರಲಿಲ್ಲ. ಸೇರಿಸಬೇಕು ಅಂತ ಐದು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಗ್ರೂಪಿಗೆ ಮೊದಲ ಲೇಖನ ಹಾಕಿದ್ದು ತಮ್ಮ. ಇಸ್ರೇಲಿನ ಟೆಲ್ ಅವೀವ್ ಕಡೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದು. 64 ದಾಟಿದ 35 ಜನರನ್ನು ಇದೇ ಥರದ ಚೇಂಬರಿನಲ್ಲಿ ಅರವತ್ತು ಸಲ ಕೂರಿಸಿ, ಅವರ ರಕ್ತಕಣಗಳ ಟೆಲೊಮಿಯರ್ ಅಳೆದಿದ್ದರು. ಟೆಲೊಮಿಯರ್ ಅಂದರೆ ಕ್ರೋಮೋಸೋಮಿನ ತುದಿಯ ಡಿಎನ್‌ಎ. ಶೂ ಲೇಸಿನ ತುದಿಗಿರೋ ಪ್ಲಾಸ್ಟಿಕ್ಕಿನ ಥರ. ಜೀವಕೋಶ ಒಡೆದು ಎರಡಾದಾಗಲೆಲ್ಲಾ ಅದು ಸ್ವಲ್ಪ ಸ್ವಲ್ಪ ಸವೆಯುತ್ತೆ. ಇವರ ಅಳತೆಯಲ್ಲಿ ಅದು ಸವೆಯೋ ಬದಲು 20%ಗಿಂತ ಹೆಚ್ಚು ಉದ್ದವಾಗಿತ್ತು. ‘ಕಾಲೂ ವಾಸಿ, ಅಪ್ಪ ಯಂಗ್ ಕೂಡ ಆಗ್ತಾನೆ’ ಅಂತ ತಮ್ಮ ಬರೆದ. ಐದು ಹಾರ್ಟ್ ಬಿದ್ದವು, ಒಂದು ನನ್ನದು. ಆ ಪ್ರಯೋಗದಲ್ಲಿ ಚೇಂಬರಿಗೆ ಹೋಗದೆ ಹೋಲಿಕೆಗೆ ಅಂತ ಇಟ್ಟುಕೊಂಡ ಇನ್ನೊಂದು ಗುಂಪೇ ಇರಲಿಲ್ಲ ಅನ್ನೋದನ್ನ ನಾನು ಆಗಲೇ ಓದಿದ್ದೆ. ಆದರೂ ಹಾರ್ಟ್ ಒತ್ತಿದೆ. ನಮಗೆ ಬೇಕಾದ್ದನ್ನು ಹೇಳೋ ಪೇಪರಿನ ಕೊರತೆ ಯಾಕೋ ಅಷ್ಟು ದೊಡ್ಡದಾಗಿ ಕಾಣಿಸಲ್ಲ.

ಯಯಾತಿಯ ಕಥೆ ನೆನಪಾಯ್ತು. ಅಪ್ಪ ಮುಪ್ಪು ಕೊಟ್ಟು ಮಗನ ಯೌವನ ಇಸ್ಕೊಂಡ ಕಥೆ. ಇಲ್ಲಿ ಮಕ್ಕಳು ನಾವೇ ಅಪ್ಪನಿಗೆ ಯೌವನ ಆರ್ಡರ್ ಮಾಡ್ತಿದ್ದೀವಿ, ಅಪ್ಪ ಕೇಳಿರೋದು ಮಾತ್ರ ಚಪ್ಪಲಿ ಹಾಕ್ಕೊಂಡು ಅಂಗಡಿ ಬೀದಿಗೆ ಹೋಗಿಬರೋ ಒಂದು ಕಾಲು ಅಂತ ನಗು ಬಂತು. ಆಮೇಲೆ ಇನ್ನೊಂದು ಹೊಳೆದಾಗ ನಗು ನಿಂತಿತು. ಯಯಾತಿ ಎಷ್ಟೇ ಸ್ವಾರ್ಥಿಯಾಗಿರಲಿ, ಅವನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ್ದ. ಬೇಡ ಅನ್ನೋ ಅವಕಾಶ ಅವರಿಗಿತ್ತು.

ಎರಡನೇ ಪೇಪರು ಸಿಕ್ಕಿದ್ದು ನನಗೆ, ಮೊದಲ ಸಿಟ್ಟಿಂಗಿನ ಹಿಂದಿನ ರಾತ್ರಿ. ಅದನ್ನ ಗ್ರೂಪಿಗೆ ಹಾಕಲಿಲ್ಲ.

ಅದರಲ್ಲೇನಿತ್ತು ಅಂತ ಹೇಳೋಕೆ ಮುಂಚೆ ಚೇಂಬರಿನೊಳಗೆ ಏನಾಗುತ್ತೆ ಅಂತ ಹೇಳಬೇಕು. ನಾವು ಉಸಿರಾಡೋ ಗಾಳಿಯಲ್ಲಿ ಆಕ್ಸಿಜನ್ 21% ಮಾತ್ರ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರೋದರಿಂದ ಇಲ್ಲಿಯ ಗಾಳಿಯ ಒತ್ತಡವೂ ಹತ್ತರಲ್ಲಿ ಒಂದು ಪಾಲು ಕಮ್ಮಿ. ಆ ಗಾಜಿನ ಕೊಳವೆಯೊಳಗೆ ಮಲಗಿಸಿ ಬಾಗಿಲು ಹಾಕಿದ ಮೇಲೆ ಶುದ್ಧ ಆಕ್ಸಿಜನ್ ತುಂಬಿ ಒತ್ತಡವನ್ನ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರಿಸ್ತಾರೆ. ಸಮುದ್ರದಲ್ಲಿ ಹದಿನಾಲ್ಕು ಹದಿನೈದು ಮೀಟರ್ ಕೆಳಗೆ ಇಳಿದಷ್ಟು. ಮಾಮೂಲಾಗಿ ಆಕ್ಸಿಜನ್ ಹೊರೋದು ಕೆಂಪು ರಕ್ತಕಣ. ಈ ಒತ್ತಡದಲ್ಲಿ ಅದು ರಕ್ತದ ನೀರಿನಂಶದಲ್ಲೇ, ಸೋಡಾದಲ್ಲಿ ಗ್ಯಾಸ್ ಕರಗಿದ ಹಾಗೆ, ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕರಗುತ್ತೆ. ರಕ್ತನಾಳ ಸಣ್ಣಗಾಗಿ ಹಸಿದಿರೋ ಗಾಯದ ಅಂಚಿಗೂ ಹೋಗಿ ಮುಟ್ಟಲಿ ಅನ್ನೋದು ಲೆಕ್ಕಾಚಾರ.

ಆದರೆ ಆಕ್ಸಿಜನ್ ಸಾಧು ಅಲ್ಲ. ಅಷ್ಟೊಂದು ಇದ್ದಾಗ ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಕಿಡಿಗೇಡಿಗಳೂ ಜಾಸ್ತಿ ಹುಟ್ತವೆ. ಅವು ಡಿಎನ್‌ಎ ಎಳೆಯನ್ನ ಕತ್ತರಿಸಬಹುದು, ಅದರ ಅಕ್ಷರವನ್ನ ಕೆಡಿಸಬಹುದು. ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದಲ್ಲಿ ಗುಂಟರ್ ಸ್ಪೈಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನೇ ನೋಡಿದರು. ಆರೋಗ್ಯವಂತ ಸ್ವಯಂಸೇವಕರನ್ನ ಚೇಂಬರಿನಲ್ಲಿ ಕೂರಿಸಿ, ಮುಂಚೆ ಮತ್ತು ನಂತರ ರಕ್ತ ತೆಗೆದು ‘ಕಾಮೆಟ್’ ಪರೀಕ್ಷೆ ಮಾಡಿದರು. ಒಂದೊಂದೇ ಜೀವಕೋಶವನ್ನ ಜೆಲ್‌ನಲ್ಲಿಟ್ಟು, ಅದರ ಪೊರೆ ಕರಗಿಸಿ, ವಿದ್ಯುತ್ ಹಾಯಿಸೋದು. ಡಿಎನ್‌ಎ ಗಟ್ಟಿಯಾಗಿದ್ದರೆ ದುಂಡಗೆ ಉಳಿಯುತ್ತೆ. ಮುರಿದಿದ್ದರೆ ತುಣುಕುಗಳು ಹಿಂದೆ ಎಳೆದುಕೊಂಡು, ಮೈಕ್ರೋಸ್ಕೋಪಿನಲ್ಲಿ ಬಾಲವಿರೋ ಧೂಮಕೇತುವಿನ ಥರ ಕಾಣುತ್ತೆ. ಚೇಂಬರಿನಿಂದ ಬಂದವರ ಬಿಳಿ ರಕ್ತಕಣಗಳಿಗೆ ಬಾಲ ಬಂದಿತ್ತು.

ರಾತ್ರಿ ಒಂದು ಗಂಟೆಗೆ ಅಲ್ಲಿಯವರೆಗೆ ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಹೊಟ್ಟೆ ತೊಳಸಿದ ಹಾಗಾಯ್ತು. ಮತ್ತೆ ತೆರೆದೆ. ಮುಂದಿನ ಭಾಗ ಬೇರೆ ಥರ ಇತ್ತು. ಒಂದು ದಿನದ ನಂತರ ನೋಡಿದರೆ ಬಾಲ ಮಾಯ. ಜೀವಕೋಶವೇ ರಿಪೇರಿ ಮಾಡಿಕೊಂಡಿತ್ತು. ಅದಕ್ಕಿಂತ ಆಶ್ಚರ್ಯ ಅಂದರೆ ಈ ಮುರಿತ ಕಂಡಿದ್ದು ಮೊದಲ ಸಿಟ್ಟಿಂಗಿನ ನಂತರ ಮಾತ್ರ. ಅದೇ ಒತ್ತಡ, ಅಷ್ಟೇ ಹೊತ್ತು, ಮುಂದಿನ ಸಿಟ್ಟಿಂಗುಗಳಲ್ಲಿ ಕಾಣಲಿಲ್ಲ. ಒಂದು ಪೆಟ್ಟು ತಿಂದ ದೇಹ ಕಾವಲು ಬಿಗಿ ಮಾಡಿಕೊಂಡಿತ್ತು. ಮೊದಲ ಸಲ ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ನಿಧಾನಕ್ಕೆ ಹೊತ್ತು ಹೆಚ್ಚಿಸಿದರೆ ಆ ಮೊದಲ ಮುರಿತವೂ ಕಾಣಲಿಲ್ಲ. ಅಷ್ಟಕ್ಕೂ ಚೇಂಬರಿಗೆ ಹೋಗದ ನಮ್ಮ ನಿಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎಗೆ ದಿನಕ್ಕೆ ಸಾವಿರಾರು ಪೆಟ್ಟು ಬೀಳ್ತಾನೇ ಇರುತ್ತೆ, ರಿಪೇರಿ ಆಗ್ತಾನೇ ಇರುತ್ತೆ. ಆ ರಿಪೇರಿ ಕೆಲಸ ಹೇಗೆ ನಡೆಯುತ್ತೆ ಅಂತ ತೋರಿಸಿದ್ದಕ್ಕೆ 2015ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಕೊಟ್ಟಿದ್ದಾರೆ.

ಅಂದರೆ ಭಯಪಡೋಕೆ ಹೆಚ್ಚೇನೂ ಇಲ್ಲ. ಆದರೆ ಒಂದು ಅಡಚಣೆ ಇತ್ತು. ಸ್ವಯಂಸೇವಕರು ಆರೋಗ್ಯವಂತರು. ಹದಿನೆಂಟು ವರ್ಷ ಸಕ್ಕರೆ ಕಾಯಿಲೆಯಲ್ಲಿ ಬೆಂದ 68ರ ಮೈ ಕೂಡ ಅಷ್ಟೇ ಚೆನ್ನಾಗಿ ರಿಪೇರಿ ಮಾಡಿಕೊಳ್ಳುತ್ತೆ ಅಂತ ಆ ಪೇಪರು ಹೇಳ್ತಿರಲಿಲ್ಲ. ಅದು ಹೇಳಬೇಕಾದ್ದೂ ಅಲ್ಲ.

ಬೆಳಿಗ್ಗೆ ಆಟೋದಲ್ಲಿ, ಜಯದೇವ ಜಂಕ್ಷನ್ನಿನ ಸಿಗ್ನಲ್‌ನಲ್ಲಿ ನಿಂತಿದ್ದಾಗ, ಅಪ್ಪ ಕೇಳಿದ. “ಪುಟ್ಟಿ, ಇದ್ರಿಂದ ಒಳಗೇನೂ ಆಗಲ್ವಾ?”

ಸೀದಾ ಪ್ರಶ್ನೆ. ರಾತ್ರಿಯಿಡೀ ನಾನು ಓದಿದ್ದು ಅದೇ ಪ್ರಶ್ನೆಯ ಉತ್ತರ.

“ಏನಾಗುತ್ತೆ? ಬರೀ ಗಾಳಿ, ಅಪ್ಪ” ಅಂದೆ.

ಸೆಂಟರಿನಲ್ಲಿ ಡಾಕ್ಟರು ಹೇಳಬೇಕಾದ್ದನ್ನ ಹೇಳಿದರು. ಕಿವಿ ಕಟ್ಟಬಹುದು, ವಿಮಾನದಲ್ಲಿ ಕಟ್ಟುತ್ತಲ್ಲ ಹಾಗೆ. ಕೆಲವು ವಾರ ದೂರದ ದೃಷ್ಟಿ ಸ್ವಲ್ಪ ಮಂಜಾಗಬಹುದು. ಶುಗರ್ ಇಳಿಯಬಹುದು, ಅದಕ್ಕೆ ಪ್ರತಿ ಸಲ ಚೆಕ್ ಮಾಡ್ತೀವಿ. ಅಪರೂಪಕ್ಕೆ ಫಿಟ್ಸ್ ಬರಬಹುದು. ಆಮೇಲೆ ಫಾರಂ, ನನ್ನ ಸಹಿ. ಕೊನೆಗೆ ಸಿಸ್ಟರ್ ಬಂದು ನಿಯಮ ಓದಿದರು: ಕಾಟನ್ ಬಟ್ಟೆ ಮಾತ್ರ, ಫೋನ್ ಇಲ್ಲ, ವಾಚ್ ಇಲ್ಲ, ಸೆಂಟು ಇಲ್ಲ, ತಲೆಗೆ ಎಣ್ಣೆ ಇಲ್ಲ.

“ಎಣ್ಣೆ ಹಚ್ಕೊಂಡು ಬರ್ತೀನೇನಮ್ಮಾ ಆಕ್ಸಿಜನ್ ಹತ್ರ?” ಅಂದ ಅಪ್ಪ. ನಾನು ನೋಡಿದೆ. ದಿನಾ ತಲೆಗೆ ಕೊಬ್ಬರಿ ಎಣ್ಣೆ ಬಡಿದುಕೊಂಡು ಕ್ರಾಪ್ ಕೂರಿಸೋ ಮನುಷ್ಯ ಅವತ್ತು ಯಾರೂ ಹೇಳದೆ ಸೀಗೆಪುಡಿ ಹಾಕಿ ತಲೆ ತೊಳೆದು ಬಂದಿದ್ದ.

ಮರುದಿನ ವಾಪಸ್ ಬರುವಾಗ ಕೇಳಿದೆ, ನಿಂಗೆ ಹೆಂಗೆ ಗೊತ್ತಿತ್ತು ಅಂತ. ಅಪ್ಪ ನಕ್ಕ. ಅಂಗಡಿಗೆ ಸೇರಿದ ಹುಡುಗರಿಗೆ ಅವನು ಹೇಳಿಕೊಡ್ತಿದ್ದ ಮೊದಲ ಪಾಠವೇ ಅದಂತೆ. ಆಕ್ಸಿಜನ್ ಸಿಲಿಂಡರಿನ ವಾಲ್ವು, ರೆಗ್ಯುಲೇಟರು, ಇವನ್ನ ಗ್ರೀಸ್ ಕೈಯಲ್ಲಿ ಮುಟ್ಟಬಾರದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸಿಕ್ಕರೆ ಬೆಂಕಿಕಡ್ಡಿಯೇ ಬೇಡ.

“ಕಟಿಂಗ್ ಮಾಡೋವಾಗ ಕಬ್ಬಿಣ ಕತ್ತರಿಸೋದು ಬೆಂಕಿ ಅಂದ್ಕೊಂಡಿದೀಯಾ? ಬೆಂಕಿ ಬರೀ ಕಾಯಿಸುತ್ತೆ. ಕೆಂಪಗಾದ್ಮೇಲೆ ಲಿವರ್ ಒತ್ತಿ ಆಕ್ಸಿಜನ್ ಬಿಟ್ರೆ ಕಬ್ಬಿಣಾನೇ ಉರಿದು ಹೋಗುತ್ತೆ. ಆಕ್ಸಿಜನ್ ತಾನು ಉರಿಯಲ್ಲ, ಇನ್ನೊಬ್ಬರನ್ನ ಉರಿಸುತ್ತೆ.” ಸ್ವಲ್ಪ ಸುಮ್ಮನಿದ್ದು ಸೇರಿಸಿದ: “ಅದಕ್ಕೇ ನಿನ್ನೆ ಕೇಳಿದ್ದು. ಕಬ್ಬಿಣಾನೇ ಬಿಡಲ್ಲ, ಮೈ ಬಿಡುತ್ತಾ ಅಂತ.”

ನಲವತ್ತು ವರ್ಷ ಆಕ್ಸಿಜನ್ ಜೊತೆ ಸಂಸಾರ ಮಾಡಿದವನಿಗೆ ನಾನು ‘ಬರೀ ಗಾಳಿ’ ಅಂದಿದ್ದೆ. ನಾನು ಸುಳ್ಳು ಹೇಳ್ತಿದ್ದೀನಿ ಅಂತ ಅವನಿಗೆ ಆಟೋದಲ್ಲೇ ಗೊತ್ತಾಗಿರಬೇಕು. ಆದರೂ ಒಳಗೆ ಹೋಗಿ ಮಲಗಿದ. ಮಗಳು ಹೇಳಿದ್ದಾಳೆ ಅಂತ.

ಅಲ್ಲೇ ಹೇಳಿದೆ. ಜರ್ಮನಿ, ರಕ್ತಕಣ, ಬಾಲ, ರಿಪೇರಿ, ಎಲ್ಲಾ. ಆದರೆ ಹೇಳುವಾಗಲೇ ಅದರ ವ್ಯಂಗ್ಯ ಮುಖಕ್ಕೆ ಹೊಡೀತಿತ್ತು. ಆ ಪೇಪರಿನ ಪ್ರಕಾರ ಪೆಟ್ಟು ಬೀಳೋದು ಮೊದಲ ಸಿಟ್ಟಿಂಗಿನಲ್ಲಿ. ಮೊದಲ ಸಿಟ್ಟಿಂಗ್ ನಿನ್ನೆ ಮುಗಿದಿತ್ತು. ಸತ್ಯಕ್ಕೆ ಅತಿ ಹೆಚ್ಚು ಬೆಲೆ ಇದ್ದ ಆ ಒಂದು ದಿನವೇ ನಾನು ಸುಳ್ಳು ಹೇಳಿದ್ದೆ. ‘ಮೊದಲ ದಿನ ಸ್ವಲ್ಪ ಹೊತ್ತು ಸಾಕು, ಡಾಕ್ಟ್ರೇ’ ಅಂತ ಕೇಳೋ ಅವಕಾಶ ಅವನದ್ದಾಗಿತ್ತು. ಡಾಕ್ಟರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಅವಕಾಶ ಕಿತ್ತುಕೊಂಡಿದ್ದು ನಾನು.

ಈ ವಿಷಯವನ್ನ ಡಾಕ್ಟರ್ ಆಗಿರೋ ಗೆಳತಿಯ ಹತ್ತಿರ ಹೇಳಿಕೊಂಡೆ. ಅವಳು ಬೈದಳು, ಆದರೆ ಸುಳ್ಳು ಹೇಳಿದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ. “ನೀನು ನಿನ್ನ ಮನಸ್ಸು ಹಗುರ ಮಾಡ್ಕೊಂಡೆ. ಆ ಭಾರ ಈಗ ಅವರ ತಲೆ ಮೇಲೆ. ಹೆದರಿ ಟ್ರೀಟ್‌ಮೆಂಟ್ ಬಿಟ್ಟು ಕಾಲು ಕಳ್ಕೊಂಡೋರನ್ನ ನಾನು ನೋಡಿದೀನಿ. ಒಂದು ದಿನದಲ್ಲಿ ರಿಪೇರಿ ಆಗೋ ಡಿಎನ್‌ಎಗಿಂತ ಕಾಲು ದೊಡ್ಡದು.” ಇದು ತಳ್ಳಿಹಾಕೋ ಮಾತಲ್ಲ. ನಮ್ಮ ಸುಪ್ರೀಂ ಕೋರ್ಟೂ ಅವಳ ಕಡೆಗೇ ಸ್ವಲ್ಪ ವಾಲುತ್ತೆ.

2008ರ ಜನವರಿಯಲ್ಲಿ ಬಂದ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಈ ವಿಷಯದಲ್ಲಿ ದೊಡ್ಡ ತೀರ್ಪು. ಬರೆದವರು ಮುಂಚೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ದೆಹಲಿಯಲ್ಲಿ ಒಬ್ಬ ಮಹಿಳೆಗೆ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದಾಗ, ಡಾಕ್ಟರು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಆಪರೇಷನ್ನನ್ನೇ ಮಾಡಿಬಿಟ್ಟಿದ್ದರು. ಕೋರ್ಟು ಹೇಳಿದ್ದು: ಪ್ರಾಣಾಪಾಯದ ತುರ್ತು ಇರಲಿಲ್ಲ, ಆಕೆ ವಯಸ್ಕಳು, ಎಚ್ಚರವಾಗೋವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗಲ್ಲ. ಹಾಗಾದರೆ ಎಚ್ಚರವಾಗಿ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ ಅಪ್ಪನ ಬದಲು ಮಗಳು ಹಾಕಿದ ಸಹಿಗೆ ಏನು ಬೆಲೆ? ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತೆ. ರೋಗಿಯನ್ನು ಹೆದರಿಸಿ, ಅಗತ್ಯವಾದ ಚಿಕಿತ್ಸೆಯನ್ನೇ ಬೇಡ ಅನ್ನಿಸುವಂಥ ದೂರದ, ಬರೀ ಪುಸ್ತಕದ ಅಪಾಯಗಳನ್ನೆಲ್ಲಾ ಡಾಕ್ಟರು ಹೇಳಬೇಕಾಗಿಲ್ಲ. ರಕ್ತಕಣದ ಬಾಲ ಬಹುಶಃ ಈ ಸಾಲಿಗೆ ಸೇರುತ್ತೆ. ಡಾಕ್ಟರು ಹೇಳದಿದ್ದದ್ದು ತಪ್ಪಲ್ಲ.

ಹಾಗಾದರೆ ನಾನು ಮಾಡಿದ್ದರಲ್ಲಿ ಏನು ತಪ್ಪು? ತುಂಬಾ ದಿನ ಯೋಚಿಸಿ ನನಗೆ ಸಿಕ್ಕ ಉತ್ತರ ಇದು: ಡಾಕ್ಟರು ಯಾರೂ ಕೇಳದ್ದನ್ನ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಇಲ್ಲ ಅಂದೆ. ಎರಡೂ ಒಂದೇ ಥರ ಕಾಣುತ್ತೆ, ಎರಡರಲ್ಲೂ ಅಪ್ಪನಿಗೆ ವಿಷಯ ತಿಳಿಯಲ್ಲ. ಆದರೆ ಮೊದಲನೆಯದರಲ್ಲಿ ಬಾಗಿಲು ಮುಚ್ಚಿದೆ, ಚಿಲಕ ಹಾಕಿಲ್ಲ. ಬೇಕಾದವರು ತಟ್ಟಬಹುದು. ಅಪ್ಪ ತಟ್ಟಿದ. ನಾನು ಒಳಗಿನಿಂದ ‘ಇಲ್ಲಿ ಮನೆಯೇ ಇಲ್ಲ’ ಅಂದೆ.

ಮತ್ತೆ, ಅವನು ಹೆದರ್ತಾನೆ ಅಂದುಕೊಂಡಿದ್ದೆನಲ್ಲ, ಆ ಹೆದರಿಕೆ ಯಾರದು? ರಾತ್ರಿ ಒಂದು ಗಂಟೆಗೆ ಹೊಟ್ಟೆ ತೊಳಸಿದ್ದು ನನಗೆ. ‘ಬೇಡ’ ಅಂದುಬಿಟ್ಟರೆ ಮತ್ತೆ ಡಾಕ್ಟರು, ಮತ್ತೆ ರಜೆ, ಮತ್ತೆ ಗ್ರೂಪಿನಲ್ಲಿ ಚರ್ಚೆ ಅಂತ ಸುಸ್ತಾಗಿದ್ದದ್ದು ನನಗೆ. ನಮ್ಮ ಪೀಳಿಗೆಯ ಬಹಳ ಜನ ಅಪ್ಪ ಅಮ್ಮನ ಇನ್ಶೂರೆನ್ಸು, ಡಾಕ್ಟರು, ಬಿಲ್ಲು ನೋಡಿಕೊಳ್ತೀವಿ. ಪ್ರೀತಿಯಿಂದಲೇ ನೋಡಿಕೊಳ್ತೀವಿ. ನೋಡಿಕೊಳ್ತಾ ನೋಡಿಕೊಳ್ತಾ, ಕಾರ್ಡ್ ಯಾರ ಕೈಲಿದೆಯೋ ತೀರ್ಮಾನವೂ ಅವರದೇ ಅಂತ ಯಾವಾಗ ಆಯ್ತು ಅನ್ನೋದೇ ಗೊತ್ತಾಗಲ್ಲ. ಮೊದಲ ಸುಳ್ಳಿಗೆ ಮನಸ್ಸು ಒಂದು ಪೆಟ್ಟು ತಿನ್ನುತ್ತೆ. ಆಮೇಲೆ ಅದಕ್ಕೂ ಒಗ್ಗಿಹೋಗುತ್ತೆ, ಬಾಲ ಕಾಣಿಸಲ್ಲ. ಜೀವಕೋಶ ಒಗ್ಗಿಕೊಂಡರೆ ಅದು ಬಲ. ಮನುಷ್ಯರು ಸುಳ್ಳಿಗೆ ಒಗ್ಗಿಕೊಂಡರೆ ಅದನ್ನ ಹಾಗೆ ಕರೆಯೋಕಾಗಲ್ಲ.

ಗೆಳತಿಯ ಮಾತಿನಲ್ಲಿ ಒಂದನ್ನ ಮಾತ್ರ ಪೂರ್ತಿ ಒಪ್ಪುತ್ತೀನಿ. ಹೇಗೆ ಹೇಳ್ತೀವಿ ಅನ್ನೋದು ಮುಖ್ಯ. ‘ಡಿಎನ್‌ಎ ಮುರಿಯುತ್ತೆ’ ಅಂತ ಹೇಳಿ ಸುಮ್ಮನಾದರೆ ಅದೂ ಅರ್ಧ ಸುಳ್ಳೇ. ಎಷ್ಟು ಮುರಿಯಿತು, ಎಷ್ಟು ಹೊತ್ತಿಗೆ ಕೂಡಿಕೊಂಡಿತು, ಯಾರಲ್ಲಿ ನೋಡಿದ್ದು, ಯಾರಲ್ಲಿ ನೋಡಿಲ್ಲ, ಹೋಗದಿದ್ದರೆ ಏನಾಗಬಹುದು, ಇಷ್ಟೂ ಸೇರಿದರೆ ಮಾತ್ರ ನಿಜ.

ಅಷ್ಟನ್ನೂ ಕೇಳಿಸಿಕೊಂಡ ಅಪ್ಪ ಹೆದರಲಿಲ್ಲ. ಅವನು ಕೇಳಿದ್ದು ಬೇರೆ: “ಅದಿರ್ಲಿ, ಗಾಯ ವಾಸಿಯಾಗೋದು ಗ್ಯಾರಂಟಿನಾ?” ಡಿಎನ್‌ಎ ಹಿಂದೆ ಬಿದ್ದಿದ್ದ ನಾನು ಅದನ್ನೇ ಸರಿಯಾಗಿ ನೋಡಿರಲಿಲ್ಲ. ಆ ರಾತ್ರಿ ಇಬ್ಬರೂ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆವು. ಸ್ವೀಡನ್ನಿನ 2010ರ ಪ್ರಯೋಗದಲ್ಲಿ ಒಂದು ವರ್ಷದ ಹೊತ್ತಿಗೆ ಆಕ್ಸಿಜನ್ ಪಡೆದವರಲ್ಲಿ 52% ಜನರ ಗಾಯ ಮುಚ್ಚಿತ್ತು, ಬರೀ ಗಾಳಿ ಪಡೆದವರಲ್ಲಿ 29%. ಕೆನಡಾದಲ್ಲಿ ಮಾಡಿ 2016ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ನಾನು ಕನ್ನಡದಲ್ಲಿ ಹೇಳ್ತಾ ಹೋದೆ, ಅಪ್ಪ ಹಳೇ ಬಿಲ್ ಬುಕ್ಕಿನ ಹಿಂದೆ ಎರಡು ಕಾಲಂ ಮಾಡಿ ಬರ್ಕೊಂಡ.

ಮರುದಿನ ಡಾಕ್ಟರ ಮುಂದೆ ಮಾತಾಡಿದ್ದು ಅವನೇ. “ಮೂವತ್ತು ಅಂದಿದೀರಿ. ಹದಿನೈದಕ್ಕೆ ಒಂದ್ಸಲ ನಿಲ್ಲಿಸಿ ಗಾಯ ಅಳೆಯೋಣ. ಕಮ್ಮಿ ಆಗಿದ್ರೆ ಮುಂದುವರಿಸೋಣ, ಇಲ್ದಿದ್ರೆ ದುಡ್ಡೂ ಉಳೀತು, ಮೈಯೂ ಉಳೀತು.” ಡಾಕ್ಟರು ತಕ್ಷಣ ಒಪ್ಪಿದರು. ಯಾರಾದರೂ ಕೇಳಿದ್ದರೆ ಮೊದಲೇ ಹೇಳ್ತಿದ್ದೆ ಅನ್ನೋ ಹಾಗಿತ್ತು ಅವರ ಮುಖ. ಅಪ್ಪ ಹೊಸ ಫಾರಂ ಇಸ್ಕೊಂಡು ‘ರೋಗಿಯ ಸಹಿ’ ಮೇಲೆ, ಬಿಲ್ಲಿಗೆ ಹಾಕ್ತಿದ್ದ ಅದೇ ಉದ್ದ ಬಾಲದ ಸಹಿ ಹಾಕಿದ.

ಹದಿನೈದಕ್ಕೆ ಗಾಯ ಅರ್ಧಕ್ಕಿಂತ ಕಮ್ಮಿಯಾಗಿತ್ತು. ಇನ್ನೂ ಹತ್ತು ಮಾಡಿಸ್ಕೊಂಡು, ಸಾಕು ಅಂದ. ಎರಡು ತಿಂಗಳಿಗೆ ಚರ್ಮ ಕೂಡಿತು. ಆಕ್ಸಿಜನ್ನಿಂದಲೋ, ಡ್ರೆಸ್ಸಿಂಗಿನಿಂದಲೋ, ಭಾರ ಬೀಳದ ಚಪ್ಪಲಿಯಿಂದಲೋ, ಒಬ್ಬ ಮನುಷ್ಯನ ಒಂದು ಕಾಲು ನೋಡಿ ಹೇಳೋಕಾಗಲ್ಲ. ಅವನ ರಕ್ತಕಣಗಳಿಗೆ ಅವತ್ತು ಬಾಲ ಬಂದಿತ್ತಾ ಅಂತ ನೋಡಿದವರೂ ಇಲ್ಲ.

ಡಾಕ್ಟರ ಹತ್ತಿರ ಮಾತಾಡಿ ಬಂದ ಆ ಸಂಜೆಯೇ ಅಪ್ಪನನ್ನ ‘ಅಪ್ಪನ ಕಾಲು’ ಗ್ರೂಪಿಗೆ ಸೇರಿಸಿದ್ದೆ. ಅಷ್ಟೂ ದಿನದ ಚರ್ಚೆ ಅವನಿಗೆ ಕಾಣಿಸಲ್ವಲ್ಲ ಅಂತ ಒಳಗೊಳಗೇ ಸಮಾಧಾನವೂ ಆಗಿತ್ತು. ಅವನು ಏನೂ ಬರೆಯಲಿಲ್ಲ, ಗುಡ್ ಮಾರ್ನಿಂಗ್ ಹೂವನ್ನೂ ಕಳಿಸಲಿಲ್ಲ. ಹತ್ತು ನಿಮಿಷಕ್ಕೆ ಫೋನಿನಲ್ಲಿ ಒಂದು ಸಾಲು ಬಂತು. ಅಪ್ಪ ಗ್ರೂಪಿನ ಹೆಸರು ಬದಲಾಯಿಸಿದ್ದ.

‘ನನ್ನ ಕಾಲು’.